ಕರ್ನಾಟಕದಲ್ಲಿ ಸಂಚಾರ ದಂಡ ಮತ್ತು ಸಾರ್ವಜನಿಕ ಅಸಮಾಧಾನ

ಸಂಚಾರ ದಂಡ ಎಂದರೆ ಮೋಟಾರು ವಾಹನ ಕಾಯ್ದೆಯ ನಿಯಮಗಳನ್ನು ಉಲ್ಲಂಘಿಸಿದ ಚಾಲಕರಿಂದ ಅಥವಾ ವಾಹನ ಮಾಲೀಕರಿಂದ ಪೊಲೀಸರು, ಸಾರಿಗೆ ಇಲಾಖೆ ಇಲ್ಲವೇ ನ್ಯಾಯಾಲಯ ವಸೂಲು ಮಾಡುವ ಹಣ. ಅಪಘಾತ ತಡೆಯುವುದು ಇದರ ಘೋಷಿತ ಉದ್ದೇಶ. ಆದರೆ ಬೊಕ್ಕಸ ತುಂಬುವುದೇ ನಿಜವಾದ ಉದ್ದೇಶವೆಂಬ ದೂರು ಕರ್ನಾಟಕದಲ್ಲಿ, ಮುಖ್ಯವಾಗಿ 2019ರ ನಂತರ, ಪದೇ ಪದೇ ಕೇಳಿಬಂದಿದೆ.

ಕಾನೂನಿನ ಆಧಾರ

1988ರ ಮೋಟಾರು ವಾಹನ ಕಾಯ್ದೆಯ 112ನೆಯ ಕಲಂ ವೇಗಮಿತಿಯನ್ನೂ 183ನೆಯ ಕಲಂ ಅತಿವೇಗದ ಶಿಕ್ಷೆಯನ್ನೂ ವಿಧಿಸುತ್ತವೆ. ಹೆಚ್ಚಿನ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. 200ನೆಯ ಕಲಮಿನಂತೆ ರಾಜ್ಯ ಸರ್ಕಾರ ನಿಗದಿಪಡಿಸಿದ ಮೊತ್ತವನ್ನು ಕಟ್ಟಿದರೆ ಅಪರಾಧ ಅಲ್ಲಿಗೇ ರಾಜಿಯಾಗುತ್ತದೆ. ದಂಡವು ರಾಜಕೀಯ ವಿಷಯವಾಗುವುದು ಈ ಕಲಮಿನಿಂದಲೇ.

ಜನರಿಗೆ ಅಷ್ಟಾಗಿ ತಿಳಿಯದ ರಕ್ಷಣೆಯೊಂದು 183ನೆಯ ಕಲಮಿನಲ್ಲಿಯೇ ಇದೆ. ವಾಹನ ವೇಗವಾಗಿತ್ತು ಎಂದು ಒಬ್ಬ ಸಾಕ್ಷಿ ಅಭಿಪ್ರಾಯಪಟ್ಟ ಮಾತ್ರಕ್ಕೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ವಿದ್ಯುನ್ಮಾನ ಉಪಕರಣದ ಅಳತೆ ಆಧಾರವಾಗಿರಬೇಕು. ಇದೇ ಕಲಮಿನ ಪ್ರಕಾರ, ಅತಿವೇಗವಿಲ್ಲದೆ ಮುಗಿಸಲಾಗದಷ್ಟು ಬಿಗಿಯಾದ ವೇಳಾಪಟ್ಟಿಯನ್ನು ಹಾಕಿಕೊಟ್ಟ ಮಾಲೀಕನ ಮೇಲೂ ಹೊಣೆ ಬೀಳುತ್ತದೆ. ಬಸ್ಸುಗಳ ಪೈಪೋಟಿಯನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಕ್ಯಾಮೆರಾ ಆಧಾರಿತ ದಂಡಕ್ಕೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು, ಕ್ಯಾಮೆರಾ ಇರುವ ಕಡೆ ಎಚ್ಚರಿಕೆಯ ಫಲಕವಿರಬೇಕು, ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು.

2019ರ ಏರಿಕೆ

2019ರ ತಿದ್ದುಪಡಿ ಕಾಯ್ದೆಯ ದಂಡಗಳು ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದವು. ಸಾಮಾನ್ಯ ಉಲ್ಲಂಘನೆಗೆ 100 ರೂಪಾಯಿ ಇದ್ದದ್ದು 500 ಆಯಿತು. ಪರವಾನಗಿಯಿಲ್ಲದ ಚಾಲನೆಗೆ 5,000, ಮದ್ಯಪಾನ ಮಾಡಿ ಚಲಾಯಿಸಿದರೆ 10,000 ರೂಪಾಯಿಗಳವರೆಗೆ ದಂಡ ಬಂತು. ಇದು ಆದಾಯಕ್ಕಾಗಿ ಅಲ್ಲ, ಜೀವ ಉಳಿಸಲು ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಸಮರ್ಥಿಸಿಕೊಂಡರು. ಗುಜರಾತ್ ಕೆಲವೇ ದಿನಗಳಲ್ಲಿ ದರ ಇಳಿಸಿತು. ಕರ್ನಾಟಕವೂ ಅದೇ ತಿಂಗಳು ಹಲವು ದಂಡಗಳನ್ನು ತಗ್ಗಿಸಿ, ಹೆಲ್ಮೆಟ್ ಇಲ್ಲದ ಸವಾರಿಗೆ 1,000 ಇದ್ದದ್ದನ್ನು 500 ರೂಪಾಯಿಗೆ ತಂದಿತು.

ಬೆಳಗಾವಿ ಜಿಲ್ಲೆಯ ಗ್ರಾಮಾಂತರದಲ್ಲಿ ಈ 500 ರೂಪಾಯಿಯೂ ಸಣ್ಣ ಮೊತ್ತವಲ್ಲ. ಉದ್ಯೋಗ ಖಾತರಿ ಯೋಜನೆಯಡಿ 2025–26ರಲ್ಲಿ ರಾಜ್ಯದ ದಿನಗೂಲಿ 370 ರೂಪಾಯಿ. ಮಮದಾಪುರದಂತಹ ಊರಿನಿಂದ ಗೋಕಾಕ ಪೇಟೆಗೆ ಬೈಕಿನಲ್ಲಿ ಹೋಗುವ ಕೂಲಿಕಾರನಿಗೆ ಅದು ಒಂದು ದಿನದ ದುಡಿಮೆಗಿಂತ ಹೆಚ್ಚು; ಕಾರಿನವನಿಗೆ ಅಷ್ಟೇ ದಂಡ ಲೆಕ್ಕಕ್ಕೇ ಬರದಿರಬಹುದು. ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿ ಸವಾರರಿಗೆ ದೊಡ್ಡ ಅಪಾಯ. ಅವು ಹಾಗೆಯೇ ಸಾಗಿ ಬೈಕಿಗೆ ಮಾತ್ರ ತಡೆ ಬಿದ್ದಾಗ ದಂಡದ ಉದ್ದೇಶದ ಬಗ್ಗೆ ಸಂಶಯ ಹುಟ್ಟುವುದು ಸಹಜ.

ಅರ್ಧ ದರದ ರಿಯಾಯಿತಿ

ಇ-ಚಲನ್ ಬಂದ ಮೇಲೆ ಕಟ್ಟದ ದಂಡಗಳು ರಾಶಿಬಿದ್ದವು. 2023ರ ಫೆಬ್ರುವರಿ 11ರವರೆಗೆ ಬಾಕಿ ದಂಡದ ಮೇಲೆ ಶೇ 50 ರಿಯಾಯಿತಿ ನೀಡಲಾಯಿತು. ಜನರು ಸಂಚಾರ ಠಾಣೆಗಳ ಮುಂದೆ ಸಾಲುಗಟ್ಟಿದರು. ಬೆಂಗಳೂರಿನಲ್ಲಿಯೇ ನೂರು ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿಯೂ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿಯೂ ಈ ಅವಕಾಶ ಮರಳಿ ಬಂತು. ಬಾಕಿ ಕರಗಿತಾದರೂ, ಸಕಾಲದಲ್ಲಿ ಪೂರ್ಣ ದಂಡ ಕಟ್ಟಿದವನು ನಷ್ಟ ಅನುಭವಿಸಿದಂತಾಯಿತು, ಮುಂದಿನ ರಿಯಾಯಿತಿಗೆ ಕಾಯುವ ರೂಢಿಯೂ ಬೆಳೆಯಿತು. ದಂಡವನ್ನು ಶಿಕ್ಷೆಯೆಂದಲ್ಲದೆ ಬಾಕಿ ತೆರಿಗೆಯೆಂದು ಕಾಣಲು ಇದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ.

ರಸ್ತೆಯಲ್ಲಿನ ತಪಾಸಣೆ

ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ಬರೀ ದಾಖಲೆ ನೋಡಲು ವಾಹನ ನಿಲ್ಲಿಸಬಾರದೆಂದು ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ 2022ರ ಜೂನ್‌ನಲ್ಲಿ ತಿಳಿಸಿದ್ದರು. ಅದೇ ವರ್ಷದ ಆರಂಭದಲ್ಲಿ ಸಾರ್ವಜನಿಕ ವಿರೋಧದಿಂದಾಗಿ ಬೆಂಗಳೂರಿನಲ್ಲಿ ವಾಹನ ಎಳೆದೊಯ್ಯುವ ಟೋಯಿಂಗ್ ನಿಂತಿತ್ತು.

2025ರ ಮೇ 26ರಂದು ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಪೊಲೀಸರು ಬೈಕ್ ತಡೆದಾಗ ಕೆಳಗೆ ಬಿದ್ದ ಪುಟ್ಟ ಮಗುವೊಂದು ಲಾರಿಗೆ ಸಿಕ್ಕಿ ಮೃತಪಟ್ಟಿತು. ನಾಯಿ ಕಚ್ಚಿದ ಆ ಮಗುವನ್ನು ತಂದೆ-ತಾಯಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಜನರು ರಸ್ತೆ ತಡೆದು ಪ್ರತಿಭಟಿಸಿದರು. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರ್‌ಗಳು ಅಮಾನತಾದರು. ಬಳಿಕ ಮಹಾನಿರ್ದೇಶಕ ಎಂ. ಎ. ಸಲೀಂ ಅವರು ಹಠಾತ್ತನೆ ಅಡ್ಡಬರುವುದು, ಬೆನ್ನಟ್ಟುವುದು, ಕೀಲಿ ಕಿತ್ತುಕೊಳ್ಳುವುದು ಬೇಡವೆಂದೂ, ಅತಿವೇಗದ ಪ್ರಕರಣಗಳಿಗೆ ತಂತ್ರಜ್ಞಾನ ಬಳಸಬೇಕೆಂದೂ ಸೂಚಿಸಿದರು.

ಅತಿವೇಗದ ಹಾನಿ

ಅಸಮಾಧಾನದ ಇನ್ನೊಂದು ಬದಿಯಲ್ಲಿ ಸಾವಿನ ಲೆಕ್ಕವಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಕರ್ನಾಟಕದಲ್ಲಿ 11,702. ದೇಶದ ಸಾವುಗಳಲ್ಲಿ ಶೇ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಕೆಟ್ಟ ರಸ್ತೆಯ ಪಾಲು ಇಂತಹ ಪೊಲೀಸ್ ದಾಖಲೆಗಳಲ್ಲಿ ಮರೆಯಾಗುವ ಸಾಧ್ಯತೆಯಿದ್ದರೂ ಈ ಸಂಖ್ಯೆಯನ್ನು ತಳ್ಳಿಹಾಕಲಾಗದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಅಳವಡಿಸಿದ ನಂತರ, 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ದಂಡದ ಬದಲು ಎಫ್‌ಐಆರ್ ದಾಖಲಿಸುವ ಕ್ರಮ ಬಂತು. ಹಣ ಕಟ್ಟಿ ಮುಗಿಸುವ ದಾರಿ ಇಲ್ಲದ ಇಂತಹ ಕ್ರಮಕ್ಕೆ ಆದಾಯದ ಆರೋಪ ಅಂಟುವುದಿಲ್ಲ.

ಇತರೆಡೆ

ಬ್ರಿಟನ್ನಿನಲ್ಲಿ 2000ರಿಂದ 2007ರವರೆಗೆ ವೇಗ ಕ್ಯಾಮೆರಾಗಳ ವೆಚ್ಚವನ್ನು ಸ್ಥಳೀಯ ಸಂಸ್ಥೆಗಳು ದಂಡದ ಹಣದಿಂದಲೇ ತುಂಬಿಕೊಳ್ಳಬಹುದಿತ್ತು. ಕ್ಯಾಮೆರಾ ಹಣ ಮಾಡುವ ಯಂತ್ರವೆಂಬ ಟೀಕೆ ಅಲ್ಲಿಯೂ ಎದ್ದಿತು. 2007ರಲ್ಲಿ ಆ ನೇರ ಕೊಂಡಿಯನ್ನು ಕಳಚಲಾಯಿತು.