ಗೋಲು ಹೊಡೆಯುವವರ ನೌಕರಿ

ಧಾರವಾಡದಲ್ಲಿ ಮಳೆ ಹಿಡಿಯಿತೆಂದರೆ ಕ್ರಿಕೆಟ್ ಬ್ಯಾಟುಗಳು ಅಟ್ಟ ಸೇರುತ್ತವೆ, ಮೈದಾನಕ್ಕೆ ದೊಡ್ಡ ಚೆಂಡು ಬರುತ್ತದೆ. ಕೊಡೆ ಹಿಡಿದು ಕೆಸರಿನ ಅಂಚಿಗೆ ಹತ್ತು ನಿಮಿಷ ನಿಂತರೆ ಸಾಕು, ಒಂದು ವಿಷಯ ಗೊತ್ತಾಗುತ್ತದೆ. ಅಲ್ಲಿರುವ ಪ್ರತಿಯೊಬ್ಬ ಹುಡುಗನಿಗೂ ಗೋಲು ಹೊಡೆಯುವ ಆಸೆ. ಗೋಲಿಗೆ ನಿಲ್ಲು ಅಂದರೆ ಮಾತ್ರ 'ನಾ ಒಲ್ಲೆ, ಅವ ನಿಲ್ಲಲಿ'. ಎಲ್ಲರೂ ಬಯಸುವ ಆ ಮುಂಚೂಣಿಯ ಜಾಗವೇ ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಅತಿ ದುರ್ಲಭವಾದ ನೌಕರಿ ಎಂಬುದನ್ನು ಆ ವಯಸ್ಸಿನಲ್ಲಿ ಅವರಿಗೆ ಯಾರೂ ಹೇಳಿರುವುದಿಲ್ಲ.

ಇಂಡಿಯನ್ ಸೂಪರ್ ಲೀಗ್ ಶುರುವಾದದ್ದು 2014ರಲ್ಲಿ. ಅಲ್ಲಿಂದ 2024–25ರವರೆಗೆ ಹನ್ನೊಂದು ಋತುಗಳು ಮುಗಿದವು. ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಗೋಲ್ಡನ್ ಬೂಟ್ ಒಂದು ಸಲವೂ ಭಾರತೀಯನಿಗೆ ಬರಲಿಲ್ಲ. ಮೊದಲ ವರ್ಷ ಅದು ಬ್ರೆಜಿಲ್‌ನ ಎಲಾನೊಗೆ ಹೋಯಿತು, ಹನ್ನೊಂದನೆಯ ವರ್ಷ 23 ಗೋಲು ಹೊಡೆದ ಮೊರಾಕ್ಕೊದ ಅಜರೈಗೆ. ನಮ್ಮ ಹುಡುಗರ ಕಾಲಲ್ಲಿ ಕಸುವಿಲ್ಲ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಲೀಗ್‌ನ ಆರಂಭದಲ್ಲಿ ಒಂದು ತಂಡ ಒಮ್ಮೆಗೆ ಆರು ವಿದೇಶಿಯರನ್ನು ಆಡಿಸಬಹುದಿತ್ತು, 2017ರಿಂದ ಐವರನ್ನು, 2021ರಿಂದ ನಾಲ್ವರನ್ನು. ಕೈಯಲ್ಲಿ ನಾಲ್ಕೇ ಜಾಗ ಇರುವ ಕ್ಲಬ್ ಮೊದಲು ದುಡ್ಡು ಸುರಿಯುವುದು ಗೋಲು ಹೊಡೆಯುವವನ ಮೇಲೆ. ಸೋತರೆ ಕೋಚ್ ಮನೆಗೆ ಹೋಗಬೇಕು. ಅಂಥವನು ಇಪ್ಪತ್ತರ ಹುಡುಗನನ್ನು ನಂಬರ್ ನೈನ್, ಅಂದರೆ ನಡುವಿನ ಸ್ಟ್ರೈಕರ್‌ನ, ಜಾಗಕ್ಕೆ ಇಳಿಸಿ, ಅವನು ಕಲಿಯುವವರೆಗೆ ಕಾಯುತ್ತಾನೆಯೆ?

ಹೀಗಾಗಿ ಸ್ಟ್ರೈಕರ್‌ನ ಬದುಕನ್ನು ನಾನು ಗೋಲಿಗಿಂತ ಮೊದಲು ನಿಮಿಷಗಳಲ್ಲಿ ಅಳೆಯುತ್ತೇನೆ. ಆಡಲು ಎಷ್ಟು ನಿಮಿಷ ಸಿಕ್ಕಿತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇದು ಅರ್ಥವಾಗಬೇಕಾದರೆ ಆ ಕೆಲಸವೇ ಏನೆಂದು ನೋಡಬೇಕು. ಗೋಲಿನ ಕಂಬಗಳ ನಡುವೆ 7.32 ಮೀಟರ್ ಅಗಲ, ಅಡ್ಡಪಟ್ಟಿಯ ಎತ್ತರ 2.44 ಮೀಟರ್. ದೂರದಿಂದ ನೋಡಿದರೆ ಎತ್ತಿನಗಾಡಿ ಹೊಗುವಷ್ಟು ಜಾಗ. ಆದರೂ ದೊಡ್ಡ ಲೀಗುಗಳಲ್ಲಿ ಸರಿಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು. 11 ಮೀಟರ್ ದೂರದ ಪೆನಾಲ್ಟಿ ಗುರುತಿನಿಂದ, ಎದುರಿಗೆ ಗೋಲ್‌ಕೀಪರ್ ಒಬ್ಬನೇ ಇರುವಾಗ, ನಾಲ್ಕಕ್ಕೆ ಮೂರು ಒಳಗೆ ಹೋಗುತ್ತವೆ. ಮೂವತ್ತು ಮೀಟರ್‌ನಿಂದ ಬಾರಿಸಿದ್ದರಲ್ಲಿ ಬಹುತೇಕ ಎಲ್ಲವೂ ಪ್ರೇಕ್ಷಕರ ಪಾಲು. ಅಂದಮೇಲೆ ಸ್ಟ್ರೈಕರ್‌ನ ಕಸುಬು ಜೋರಾಗಿ ಒದೆಯುವುದಲ್ಲ. ಹೊಡೆತವನ್ನು ಗೋಲಿನ ಹತ್ತಿರಕ್ಕೆ, ನಡುಭಾಗಕ್ಕೆ, ಎದುರಾಳಿಯ ಕಾಲಿಲ್ಲದ ಜಾಗಕ್ಕೆ ತರುವುದೇ ಕಸುಬು. ತೊಂಬತ್ತು ನಿಮಿಷದಲ್ಲಿ ಅಂಥ ಹೊಡೆತ ಎರಡೋ ಮೂರೋ ಸಿಕ್ಕೀತು. ಎಂಬತ್ತನೇ ನಿಮಿಷಕ್ಕೆ ಬದಲಿಯಾಗಿ ಇಳಿದವನಿಗೆ ಒಂದೂ ಸಿಗದೆ ಸೀಟಿ ಊದಿಬಿಡಬಹುದು. ಮರುದಿನ ಅಂಕಿಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಪಂದ್ಯ 1, ಗೋಲು 0' ಎಂದಷ್ಟೇ ಇರುತ್ತದೆ. ಹತ್ತು ಸಲ ಹೀಗಾದರೆ 'ಹತ್ತು ಪಂದ್ಯ ಆಡಿಯೂ ಗೋಲು ಹೊಡೆಯದವ' ಎಂಬ ಹೆಸರು.

ಜಾಗ ಮಾಡಿಕೊಳ್ಳುವ ವಿದ್ಯೆ ಕಣ್ಣಿಗೆ ಬೀಳುವುದೇ ಇಲ್ಲ. ಡಿಫೆಂಡರ್‌ಗೆ ಚೆಂಡು ಒಂದು ಕಡೆ, ಸ್ಟ್ರೈಕರ್ ಇನ್ನೊಂದು ಕಡೆ ಇದ್ದರೆ ಎರಡನ್ನೂ ಒಟ್ಟಿಗೆ ನೋಡಲಾಗದು. ಹುಷಾರಾದ ಸ್ಟ್ರೈಕರ್ ಅವನ ಬೆನ್ನ ಹಿಂದಿನ ಆ ಕುರುಡು ಮೂಲೆಯಲ್ಲೇ ಅಡ್ಡಾಡುತ್ತಾನೆ. ಮೊದಲು ಚೆಂಡಿನ ಕಡೆಗೆ ಎರಡು ಹೆಜ್ಜೆ ಸುಳ್ಳು ಓಟ, ಡಿಫೆಂಡರ್ ಜೊತೆಗೆ ಬಂದನೆನ್ನುವಾಗ ತಿರುಗಿ ಹಿಂದಕ್ಕೆ ನಿಜವಾದ ಓಟ. ಹುಬ್ಬಳ್ಳಿಯ ಮೈದಾನವೊಂದರಲ್ಲಿ ಹಿರಿಯರೊಬ್ಬರು ಹುಡುಗನಿಗೆ ಹೇಳುತ್ತಿದ್ದುದು ನನ್ನ ಕಿವಿಯಲ್ಲಿದೆ: 'ತಮ್ಮಾ, ಚೆಂಡ ಎಲ್ಲೈತಿ ಅಂತ ಎಲ್ಲಾರೂ ನೋಡತಾರ. ನೀ ಅದು ಎಲ್ಲಿ ಬರತೈತಿ ಅಂತ ನೋಡು.' ಆಫ್‌ಸೈಡ್ ನಿಯಮವನ್ನೂ ಹುಡುಗರು ಅರ್ಧ ಮಾತ್ರ ಕಲಿತಿರುತ್ತಾರೆ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್ ಈ ಮೂರರಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲವೇ ಇಲ್ಲ. ಇದನ್ನು ತಿಳಿದವನು ಥ್ರೋ-ಇನ್ ಹೊತ್ತಿಗೆ ಎಲ್ಲರಿಗಿಂತ ಮುಂದೆ ಹೋಗಿ ನಿರಾಳವಾಗಿ ನಿಂತಿರುತ್ತಾನೆ. ಜೊತೆಗೆ ಈಗಿನ ಕೋಚ್‌ಗಳು ಸ್ಟ್ರೈಕರ್‌ನನ್ನು ಮೊದಲ ಡಿಫೆಂಡರ್ ಎಂದೇ ಎಣಿಸುತ್ತಾರೆ. ಎದುರಾಳಿಯ ಗೋಲ್‌ಕೀಪರ್ ಕಾಲಿಗೆ ಚೆಂಡು ಬಂದಾಗ ಓಡಿ ಒತ್ತಡ ಹಾಕದವನಿಗೆ, ಎಷ್ಟೇ ಚೆಂದ ಹೊಡೆಯಲಿ, ಬೆಂಚೇ ಗತಿ.

ನಿಮಿಷಗಳ ಈ ಲೆಕ್ಕಕ್ಕೆ ಸುನಿಲ್ ಛೆಟ್ರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಆದರೆ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಿನಿಂದ ಆತನನ್ನು ನಮ್ಮವನೆಂದೇ ನಾವು ಎಣಿಸುತ್ತ ಬಂದಿದ್ದೇವೆ. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕೆ ಮೊದಲ ಪಂದ್ಯ, ಅದರಲ್ಲೇ ಗೋಲು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳುವಾಗ 151 ಪಂದ್ಯ, 94 ಗೋಲು. ಮರುವರ್ಷ ಮತ್ತೆ ಮರಳಿ ಬಂದದ್ದು ಬೇರೆ ಮಾತು. ಈ ಅಂಕಿಗಳು ಎಲ್ಲರಿಗೂ ಗೊತ್ತು. ವಿದೇಶದಲ್ಲಿ ಆತನಿಗೆ ಆದದ್ದು ಮಾತ್ರ ಹೆಚ್ಚು ಜನ ನೆನಪಿಡುವುದಿಲ್ಲ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತುಕತೆ ಮುಗಿದಿತ್ತು, ಆದರೆ ಭಾರತ ಫಿಫಾ ಪಟ್ಟಿಯ ಮೊದಲ 70ರೊಳಗೆ ಇಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ. ಆಟಗಾರ ಚೆನ್ನಾಗಿದ್ದರೂ ದೇಶದ ರ‍್ಯಾಂಕಿಂಗ್ ಬಾಗಿಲು ಹಾಕಿತು. 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿ ಸೇರಿದರು, ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ ಸೇರಿದಾಗ ಸಿಕ್ಕಿದ್ದು ಮೂರು ಪಂದ್ಯ. ವಾಪಸು ಬಂದು ಬೆಂಗಳೂರಿನ ಮೊದಲ ಐ-ಲೀಗ್ ಋತುವಿನಲ್ಲಿ 14 ಗೋಲು ಹೊಡೆದರು, ತಂಡ ಮೊದಲ ಯತ್ನದಲ್ಲೇ ಚಾಂಪಿಯನ್. ಕಾಲು ಅವೇ. ಬದಲಾದದ್ದು ಸಿಕ್ಕ ನಿಮಿಷಗಳು.

ಅಷ್ಟಾಗಿಯೂ ಅವರಿಗೆ ನಂಬರ್ ನೈನ್ ಜಾಗ ಕಾಯಂ ಆಗಲಿಲ್ಲ. 2017–18ರಲ್ಲಿ ಬೆಂಗಳೂರು ಸೂಪರ್ ಲೀಗಿಗೆ ಬಂದಾಗ ನಡುವೆ ನಿಂತವರು ವೆನೆಜುವೆಲಾದ ಮಿಕು, ಛೆಟ್ರಿ ಎಡಬದಿಗೆ ಸರಿದರು. ಆ ವರ್ಷ ಮಿಕು 15 ಗೋಲು, ಛೆಟ್ರಿ 14. ದೇಶದ ನಾಯಕನೇ ಬದಿಗೆ ಸರಿದು ಆಡಿರುವಾಗ ಉಳಿದವರು ಯಾವ ಲೆಕ್ಕ. ಇದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಎಡಗಡೆ, ಬಲಗಡೆ, ಸ್ಟ್ರೈಕರ್‌ನ ಹಿಂದೆ, ಹೀಗೆ ಮೂರು ಕಡೆ ಆಡಬಲ್ಲ ಹುಡುಗನಿಗೆ ತಂಡದ ಪಟ್ಟಿಯಲ್ಲಿ ಮೂರು ಬಾಗಿಲು ತೆರೆದಿರುತ್ತವೆ.

ಈಗ ಹುಬ್ಬಳ್ಳಿ-ಧಾರವಾಡದ ಹುಡುಗನ ದಾರಿ. ಊರಿನಲ್ಲಿ ಶಾಲಾ ತಂಡ, ಕಾಲೇಜು ತಂಡ, ಓಣಿಯ ಕ್ಲಬ್ಬು, ಊರ ಟೂರ್ನಿಗಳು. ಅದಾದ ಮೇಲೆ ರಸ್ತೆ ಕವಲೊಡೆಯುತ್ತದೆ. ಬೆಂಗಳೂರು ನಾನೂರು ಕಿಲೋಮೀಟರ್ ಆಚೆ. ಸಿ, ಬಿ, ಎ ಡಿವಿಷನ್‌ಗಳ ಮೇಲೆ ಸೂಪರ್ ಡಿವಿಷನ್, ಪಂದ್ಯಗಳು ನಡೆಯುವುದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಪಣಜಿ ಅದರ ಅರ್ಧದಷ್ಟೂ ದೂರವಿಲ್ಲ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಫುಟ್‌ಬಾಲನ್ನೇ ರಾಜ್ಯಕ್ರೀಡೆ ಮಾಡಿಕೊಂಡ ನಾಡು. ಬೆಂಗಳೂರೇ ದೊಡ್ಡದು ಎಂದು ಎಲ್ಲರೂ ಅತ್ತಲೇ ರೈಲು ಹತ್ತುವುದು ನನಗೆ ಯಾವಾಗಲೂ ಸೋಜಿಗ. ದೊಡ್ಡ ಕ್ಲಬ್ಬಿನ ಬೆಂಚಿಗಿಂತ ಕೆಳಗಿನ ಡಿವಿಷನ್ನಿನಲ್ಲಿ ತೊಂಬತ್ತು ನಿಮಿಷ ಆಡುವುದು ಹತ್ತೊಂಬತ್ತರ ಸ್ಟ್ರೈಕರ್‌ಗೆ ಎಷ್ಟೋ ವಾಸಿ.

ಸಂತೋಷ್ ಟ್ರೋಫಿಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿದ್ದಾರೆ. ರಾಜ್ಯ ತಂಡಗಳ ಆ ಪಂದ್ಯಾವಳಿಯಲ್ಲಿ ವಿದೇಶಿಯರಿಲ್ಲ. ಅಂದರೆ ನಂಬರ್ ನೈನ್ ಜಾಗ ಪೂರ್ತಿ ನಮ್ಮವರದೇ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಆ ಕಪ್ ಗೆದ್ದಿತು. ನಮ್ಮ ಮೂರೂ ಗೋಲು ವಿರಾಮದೊಳಗೇ ಬಂದಿದ್ದವು, ಸುನಿಲ್ ಕುಮಾರ್, ಬೆಕೆ ಓರಾಮ್, ರಾಬಿನ್ ಯಾದವ್ ಅವರಿಂದ. ಅದಕ್ಕೂ ಹಿಂದೆ ಗೆದ್ದಾಗ ಈ ನಾಡಿಗೆ ಮೈಸೂರು ಎಂದೇ ಹೆಸರಿತ್ತು. ಇನ್ನು ಹುಡುಗಿಯರ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು 2017ರಲ್ಲಿ, ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಲ್ಲಿ ಅದರ ಫೈನಲ್‌ಗೂ ಹೋಗಿತ್ತು. ಅಲ್ಲಿ ಅವಕಾಶ ಕಡಿಮೆ ನಿಜ, ಪೈಪೋಟಿಯೂ ಹುಡುಗರಷ್ಟು ಇಲ್ಲ.

ಕಾಗದಪತ್ರದ ವಿಷಯಕ್ಕೆ ಬರೋಣ, ಮನೆಯವರು ಮೋಸ ಹೋಗುವುದು ಇಲ್ಲೇ. ಮೊದಲನೆಯದು ವಯಸ್ಸು. ಕಿರಿಯರ ಪಂದ್ಯಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆ ನೋಡುತ್ತಾರೆ, ಎರಡು ವರ್ಷ ಕಡಿಮೆ ಬರೆಸಿದ ದಾಖಲೆ ಅಲ್ಲಿ ಕೆಲಸಕ್ಕೆ ಬಾರದು. ಎರಡನೆಯದು ನೋಂದಣಿ. ಹನ್ನೆರಡನೇ ವಯಸ್ಸಿನಿಂದ ಯಾವ ಕ್ಲಬ್ಬಿನಲ್ಲಿದ್ದ ಎಂಬುದು ಫೆಡರೇಷನ್ನಿನ ದಾಖಲೆಯಲ್ಲಿರಬೇಕು. ಮುಂದೆ ಆತ ಒಪ್ಪಂದ ಮುಗಿಯುವ ಮೊದಲೇ ಹಣಕ್ಕೆ ಬೇರೆ ದೇಶದ ಕ್ಲಬ್ಬಿಗೆ ಹೋದರೆ, ಆ ಹಣದ ಶೇಕಡ 5ರಷ್ಟನ್ನು 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮ. ದಾಖಲೆ ಇದ್ದರೆ ಹುಬ್ಬಳ್ಳಿಯ ಗೋಕುಲ ರೋಡಿನ ಕ್ಲಬ್ಬಿಗೂ ಪಾಲು, ಇಲ್ಲದಿದ್ದರೆ ಬರೀ ಹೆಮ್ಮೆ.

ಒಪ್ಪಂದವೆಂದರೆ ಸಂಬಳದ ಅಂಕಿ ಮಾತ್ರ ಅಲ್ಲ. ಹೆಚ್ಚೆಂದರೆ ಐದು ವರ್ಷ, ಹದಿನೆಂಟು ತುಂಬದವರಿಗೆ ಮೂರೇ ವರ್ಷ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಹದಿನೈದು ದಿನಗಳ ಲಿಖಿತ ನೋಟಿಸ್ ಕೊಟ್ಟು ಆಟಗಾರ ಹೊರಬರಬಹುದು. ಇದು ಪುಸ್ತಕದ ಮಾತೆಂದು ತಿಳಿಯಬೇಡಿ. 2025ರಲ್ಲಿ ಸೂಪರ್ ಲೀಗ್‌ನ ಹೊಸ ಋತುವೇ ತೂಗುಯ್ಯಾಲೆಗೆ ಬಿದ್ದಾಗ ಕೆಲವು ಕ್ಲಬ್ಬುಗಳು ಸಂಬಳವನ್ನೇ ತಡೆಹಿಡಿದವು. ಇನ್ನೊಂದು ನಿಯಮವಂತೂ ಸ್ಟ್ರೈಕರ್‌ಗಳಿಗಾಗಿಯೇ ಬರೆದಂತಿದೆ. ನೆಲೆ ನಿಂತ ವೃತ್ತಿಪರ ಆಟಗಾರ ಒಂದು ಋತುವಿನಲ್ಲಿ ತನ್ನ ಕ್ಲಬ್ಬಿನ ಅಧಿಕೃತ ಪಂದ್ಯಗಳ ಶೇಕಡ 10ಕ್ಕಿಂತ ಕಡಿಮೆ ಆಡಿದ್ದರೆ, ಕೊನೆಯ ಪಂದ್ಯದ ನಂತರದ ಹದಿನೈದು ದಿನಗಳೊಳಗೆ ಒಪ್ಪಂದ ಮುರಿಯಬಹುದು. ಪರಿಹಾರ ಕೊಡಬೇಕಾಗಿ ಬರಬಹುದು, ಆದರೆ ಬೆಂಚಿನ ಮೇಲೆ ಕೊಳೆಯುವುದು ತಪ್ಪುತ್ತದೆ. ಏಜೆಂಟ್ ಎಂದು ಹೇಳಿಕೊಂಡು ಮನೆಗೆ ಬಂದವರ ಹತ್ತಿರ ಫಿಫಾ ಪರವಾನಗಿ ಕೇಳಿ. 2023ರ ಅಕ್ಟೋಬರ್‌ನಿಂದ ಅದಿಲ್ಲದೆ ಆಟಗಾರನ ಪರವಾಗಿ ಮಾತುಕತೆ ನಡೆಸುವಂತಿಲ್ಲ. ಅವರೊಂದಿಗಿನ ಕರಾರು ಎರಡು ವರ್ಷ ಮೀರಬಾರದು, ಹುಡುಗ ಚಿಕ್ಕವನಿದ್ದರೆ ತಂದೆತಾಯಿಯ ಸಹಿ ಬೇಕು. 'ಟ್ರಯಲ್ಸಿಗೆ ಇಷ್ಟು ಸಾವಿರ ಕೊಡಿ, ಟೀಮಿಗೆ ಹಾಕಸ್ತೀನಿ' ಎಂದವರಿಗೆ ಚಹಾ ಕುಡಿಸಿ ಕಳಿಸಿ.

ಶರೀರದ ಲೆಕ್ಕ ಕಠಿಣ. ಸ್ಟ್ರೈಕರ್ ಓಡುವುದು ಗಡಿಯಾರದಂತೆ ಒಂದೇ ಹದದಲ್ಲಿ ಅಲ್ಲ. ನಿಂತಲ್ಲಿಂದ ಚಿಮ್ಮಬೇಕು, ಥಟ್ಟನೆ ನಿಲ್ಲಬೇಕು, ತಿರುಗಬೇಕು. ತೊಡೆಯ ಹಿಂದಿನ ಸ್ನಾಯುವೂ ಮಂಡಿಯೂ ಅದಕ್ಕೆ ದಂಡ ಕಟ್ಟುತ್ತವೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ ಆಗಿ ಮತ್ತೆ ಮೈದಾನಕ್ಕೆ ಬರಲು ಸಾಮಾನ್ಯವಾಗಿ ಒಂಬತ್ತು ತಿಂಗಳು, ಅಂದರೆ ಒಂದು ಋತುವೇ ಹೋಯಿತು. ಕಲ್ಲುನೆಲದಲ್ಲಿ ಆಡುವ ನಮ್ಮ ಹುಡುಗರು ದುಬಾರಿ ಬೂಟಿಗಿಂತ ಮೊದಲು ನಿದ್ದೆ, ಊಟ, ತೊಡೆಯ ವ್ಯಾಯಾಮದ ಕಡೆ ನೋಡಬೇಕು. ಮೂವತ್ತು ದಾಟಿದ ಮೇಲೆ ವೇಗ ಇಳಿಯುತ್ತದೆ. ಆಗ ಉಳಿಯುವವರು ಜಾಗ ಓದಬಲ್ಲವರು. ಛೆಟ್ರಿ ನಲವತ್ತರ ವಯಸ್ಸಿನಲ್ಲಿ, 2024–25ರ ಲೀಗ್‌ನಲ್ಲಿ, 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಸಂಭ್ರಮಿಸುವ ಸಂಗತಿಯೇ, ಆದರೆ ಇಪ್ಪತ್ತರ ಹುಡುಗರು ಎಲ್ಲಿದ್ದರು ಎಂಬ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ.

ನಮ್ಮವರು ಬರಿಗಾಲಲ್ಲಿ ಆಡುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಇರಲಿಲ್ಲ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು, 1948ರಲ್ಲಿ ಫ್ರಾನ್ಸ್ ವಿರುದ್ಧ. ಎರಡನೆಯದೂ ಬೆಂಗಳೂರಿನವರದೇ: 1952ರಲ್ಲಿ ಯುಗೊಸ್ಲಾವಿಯಾ ವಿರುದ್ಧ 10–1ರಿಂದ ಸೋತ ಪಂದ್ಯದ ಆ ಒಂದು ಗೋಲು ಅಹ್ಮದ್ ಖಾನ್ ಹೊಡೆದದ್ದು. ಆಮೇಲಿನ ತಲೆಮಾರುಗಳನ್ನು ಬೆಂಗಳೂರಿನಲ್ಲಿ ಸಾಕಿದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು. ಬೆಳಿಗ್ಗೆ ಹಾಜರಿ, ಸಂಜೆ ಆಟ, ಕಾಲು ಸೋತ ಮೇಲೂ ನಿಲ್ಲದ ಸಂಬಳ.

ಹುಬ್ಬಳ್ಳಿಯಲ್ಲಿ ಅಂಥ ನೌಕರಿಗೆ ಇಂದಿಗೂ ಉಳಿದಿರುವ ಹೆಸರು ರೈಲ್ವೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಅದರ ನೇಮಕಾತಿ ಕೋಶವೂ ಇರುವುದು ಇಲ್ಲೇ. ಕ್ರೀಡಾ ಕೋಟಾದ ಪ್ರಕಟಣೆ ಬಂದಾಗ ಮೊದಲು ನೋಡಬೇಕಾದದ್ದು ಆ ವರ್ಷ ನಿಮ್ಮ ಆಟ ಪಟ್ಟಿಯಲ್ಲಿದೆಯೇ, ಯಾವ ಸ್ಥಾನದ ಆಟಗಾರ ಬೇಕೆಂದು ಬರೆದಿದೆಯೇ ಎಂಬುದನ್ನು. ವಯಸ್ಸು 18ರಿಂದ 25, ಅದರಲ್ಲಿ ಸಡಿಲಿಕೆ ಇಲ್ಲ. ನೂರು ಅಂಕಗಳಲ್ಲಿ 40 ಮೈದಾನದ ಟ್ರಯಲ್ಸಿಗೆ, ಅದರಲ್ಲಿ 25 ಬಾರದಿದ್ದರೆ ಅಲ್ಲಿಗೇ ಮುಗಿಯಿತು. 50 ಅಂಕ ಈವರೆಗಿನ ಸಾಧನೆಗೆ, 10 ಓದಿಗೆ. ಆ ಐವತ್ತನ್ನು ತಂದುಕೊಡುವುದು ಮಾನ್ಯತೆ ಪಡೆದ ಪಂದ್ಯಾವಳಿಗಳ ಪ್ರಮಾಣಪತ್ರಗಳು. ಊರ ಟೂರ್ನಿಯಲ್ಲಿ ಗೆದ್ದ ಆಳೆತ್ತರದ ಕಪ್ಪುಗಳಿಗೆ ಅಲ್ಲಿ ಒಂದು ಅಂಕವೂ ಇಲ್ಲ. ವಿಶ್ವವಿದ್ಯಾಲಯದ ತಂಡಕ್ಕೋ ರಾಜ್ಯ ತಂಡಕ್ಕೋ ಆಡಿದ ದಿನವೇ ಪ್ರಮಾಣಪತ್ರ ಕೇಳಿ ತೆಗೆದುಕೊಂಡು, ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆದಿದೆಯೇ ಎಂದು ಅಲ್ಲೇ ನಿಂತು ಓದಿನೋಡಿ.