ಮುಂಬಯಿಯ ಬಸುರಿಯರೂ ಡಾ. ಲೂಸಿ ವಿಲ್ಸ್ ಇವರೂ

ಪಾಂಡುರೋಗವೆಂಬುದು ನಮ್ಮ ದೇಶಕ್ಕೆ ಹೊಸದಾಗಿ ಬಂದ ಬೇನೆಯಲ್ಲ. ಚರಕ-ಸುಶ್ರುತರಿಬ್ಬರೂ ಅದನ್ನು ಕುರಿತು ಪ್ರತ್ಯೇಕ ಅಧ್ಯಾಯಗಳನ್ನೇ ಬರೆದಿಟ್ಟಿರುವರು. ಮೋರೆ ಬಿಳಿಚುವದು, ನಾಲ್ಕು ಮೆಟ್ಟಲು ಹತ್ತುವಷ್ಟರಲ್ಲಿ ಏದುಸಿರು ಬರುವದು, ಕಾಲು ಬಾಯುವದು, ಊಟ ಸೇರದಿರುವದು, ಈ ಲಕ್ಷಣಗಳನ್ನು ಗುರುತಿಸಲು ವೈದ್ಯನೇ ಬೇಕೆಂದಿಲ್ಲ. ಹುಬ್ಬಳ್ಳಿ-ಧಾರವಾಡಗಳ ಯಾವ ಓಣಿಯ ಹಿರಿಯ ಹೆಂಗಸಾದರೂ ಗುರುತಿಸುವಳು. ಗುರುತಿಸಿ, “ಬಸುರಾದಾಗ ಇದೆಲ್ಲಾ ಇರೂದs, ಹಡದ ಮ್ಯಾಲೆ ಸರಿಹೋಗ್ತದ” ಎಂದು ಸುಮ್ಮನಾಗುವಳು. ಹಡೆಯುವಾಗಲೇ ಕಣ್ಣು ಮುಚ್ಚಿದವರ ಲೆಕ್ಕವು ಆ ಸಮಾಧಾನದ ಮಾತಿನಲ್ಲಿ ಸೇರಿರುವದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಹಿಂದುಸ್ತಾನದಲ್ಲಿ ನೂರಕ್ಕೆ 57 ಜನರೂ, ಕರ್ನಾಟಕದಲ್ಲಿ ನೂರಕ್ಕೆ 48ರಷ್ಟು ಜನರೂ ರಕ್ತಹೀನತೆಯಿಂದ ಬಳಲುವವರು. ಸ್ವರಾಜ್ಯ ಬಂದು ಎಪ್ಪತ್ತು ವರ್ಷಗಳು ಕಳೆದ ಮೇಲಿನ ಲೆಕ್ಕವಿದು.

ಸರಕಾರದ ಆರೋಗ್ಯ ಕೇಂದ್ರಗಳಿಂದ ಬಸುರಿಯರಿಗೆ ಒಂದು ಕೆಂಪು ಗುಳಿಗೆಯು ದಿನಾಲು ಒಂದರಂತೆ 180 ದಿವಸಗಳವರೆಗೆ ದೊರೆಯುತ್ತದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವವು. ಕಬ್ಬಿಣದ ಗುಣವನ್ನು ನಮ್ಮ ಪೂರ್ವಿಕರೇ ಬಲ್ಲವರಾಗಿದ್ದರು. ಮಂಡೂರದ ಮಾತ್ರೆಗಳು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ಸಿಕ್ಕುತ್ತವೆ. ಎರಡನೆಯ ವಸ್ತುವಿನ ಕಥೆಯಾದರೋ ಈಚಿನದು. ಅದು ಆರಂಭವಾದದ್ದು ಮುಂಬಯಿಯಲ್ಲಿ, ನಮ್ಮ ಧಾರವಾಡ ಜಿಲ್ಲೆಯು ಆ ಇಲಾಖೆಗೆ ಸೇರಿದ್ದ ಕಾಲದಲ್ಲಿ, ನಮ್ಮ ಸೀಮೆಯ ಹತ್ತಿಯನ್ನೂ ನೂತ ಗಿರಣಿಗಳ ನೆರಳಿನಲ್ಲಿ. ಅದನ್ನು ಆರಂಭಿಸಿದ ಹೆಂಗಸಿನ ಹೆಸರನ್ನು ಕೇಳಿದವರು ನಮ್ಮ ಪದವೀಧರರಲ್ಲಿಯೂ ವಿರಳ.

ಡಾ. ಲೂಸಿ ವಿಲ್ಸ್ ಇವರು 1888ನೆಯ ಮೇ 10ರಂದು ಇಂಗ್ಲಂಡದ ಬರ್ಮಿಂಗ್‌ಹ್ಯಾಮಿನ ಸಮೀಪದ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜನಿಸಿದರು. ಉಳ್ಳವರ ಮನೆತನ. ಕೇಂಬ್ರಿಜ್ಜಿನ ನ್ಯೂನಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಭೂಗರ್ಭಶಾಸ್ತ್ರಗಳನ್ನು ಓದಿ 1911ರಲ್ಲಿ ಪರೀಕ್ಷೆಗಳನ್ನು ಮುಗಿಸಿದರು. ಆದರೆ ಪದವಿ ದೊರೆಯಲಿಲ್ಲ. ಹೆಂಗಸರಿಗೆ ಪದವಿಯನ್ನು ಕೊಡುವ ಪದ್ಧತಿ ಆ ವಿದ್ಯಾಪೀಠದಲ್ಲಿ ಇದ್ದಿಲ್ಲ. ಹಿಂದುಸ್ತಾನದವರಿಗೆ ಸ್ತ್ರೀಶಿಕ್ಷಣದ ಪಾಠವನ್ನು ಹೇಳಿಕೊಡುತ್ತಿದ್ದ ಜನಾಂಗದ ಹಿರಿಯ ಸರಸ್ವತೀಮಂದಿರವು ತನ್ನ ಹೆಣ್ಣುಮಕ್ಕಳಿಗೆ ಪೂರ್ಣ ಪದವಿಯನ್ನು ಕೊಡಲೊಪ್ಪಿದ್ದು 1948ರಲ್ಲಿ ಎಂಬುದನ್ನು ವಾಚಕರು ಲಕ್ಷಿಸಬೇಕು. 1914ರಲ್ಲಿ ಮಹಾಯುದ್ಧವು ಸಿಡಿದಾಗ ವಿಲ್ಸ್ ಇವರು ದಕ್ಷಿಣ ಆಫ್ರಿಕೆಯಲ್ಲಿದ್ದರು; ಅಲ್ಲಿ ಕೆಲವು ವಾರ ದಾದಿಯ ಕೆಲಸ ಮಾಡಿ, ಊರಿಗೆ ಮರಳಿ ಲಂಡನ್ನಿನ ಸ್ತ್ರೀಯರ ವೈದ್ಯಕೀಯ ಶಾಲೆಯನ್ನು ಸೇರಿ, 1920ರಲ್ಲಿ ತಮ್ಮ 32ನೆಯ ವಯಸ್ಸಿಗೆ ವೈದ್ಯರಾದರು. ರೋಗಿಗಳಿಂದ ಹಣ ಗಳಿಸುವ ದಾರಿಯನ್ನು ಹಿಡಿಯದೆ ಪ್ರಯೋಗಶಾಲೆಯಲ್ಲಿಯೇ ನಿಂತರು.

1928ರಲ್ಲಿ ಅವರು ಮುಂಬಯಿಗೆ ಬಂದರು. ಇಲ್ಲಿಯ ಸ್ತ್ರೀ ವೈದ್ಯಸೇವೆಯಲ್ಲಿ ಬಹುಕಾಲ ದುಡಿದಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಇವರ ಆಹ್ವಾನವೇ ಇದಕ್ಕೆ ಕಾರಣ. ಬಸುರಿ-ಬಾಳಂತಿಯರು ಇಷ್ಟೊಂದು ಸಂಖ್ಯೆಯಲ್ಲಿ ಸಾಯುವದೇಕೆಂಬುದನ್ನು ಶೋಧಿಸುವದಕ್ಕಾಗಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಶನ್ ಎಂಬ ಸಂಸ್ಥೆಯು ಪರಳದ ಹಾಫ್ಕಿನ್ ಸಂಸ್ಥೆಯಲ್ಲಿ ಒಂದು ವಿಚಾರಣೆಯನ್ನು ನಡೆಸಿತ್ತು. ಇದೇ ಅಸೋಸಿಯೇಶನ್ನು 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲವಾಯಿತು. ಪರಳವೆಂದರೆ ಗಿರಣಿಗಳ ನಡುವಿನ ಪ್ರದೇಶ. ಚಾಳುಗಳ ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ. ಬಸುರಾದ ಹೆಂಗಸರಲ್ಲಿ ಕೆಲವರ ರಕ್ತವು ತಿಂಗಳುಗಳು ತುಂಬಿದಂತೆ ನೀರಾಗುತ್ತ ಬಂದು, ತಾಯಿ-ಮಗು ಇಬ್ಬರೂ ಕೈಬಿಟ್ಟುಹೋಗುವದು ಅಲ್ಲಿ ದಿನದ ಮಾತಾಗಿತ್ತು.

ಇಲ್ಲಿ ಶಾಸ್ತ್ರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಮ್ಮ ಎಲುಬಿನೊಳಗಿನ ಮಜ್ಜೆಯು ಕ್ಷಣಕ್ಕೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತಿರುತ್ತದೆ. ಒಂದೊಂದು ಕಣದ ಆಯುಷ್ಯ ಸುಮಾರು 120 ದಿವಸ. ಕಬ್ಬಿಣವು ಸಾಲದಾದಾಗ ಕಣಗಳು ಸಣ್ಣವಾಗಿ ಬಣ್ಣಗೆಟ್ಟು ಹುಟ್ಟುವವು. ಆದರೆ ವಿಲ್ಸ್ ಇವರು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇದಕ್ಕೆ ವಿಪರೀತವಾದ ನೋಟ: ಕಣಗಳ ಸಂಖ್ಯೆ ಅತ್ಯಲ್ಪ, ಇದ್ದ ಕಣಗಳೋ ಹಿಗ್ಗಿ ದೊಡ್ಡವಾದವು. ಕಣವು ಬೆಳೆಯಬಲ್ಲದು, ಆದರೆ ಒಡೆದು ಎರಡಾಗಲಾರದು. ಅದಕ್ಕೆ ಬೇಕಾದ ಏನೋ ಒಂದು ವಸ್ತುವು ಮಜ್ಜೆಗೆ ತಲುಪುತ್ತಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರು ಹೆಂಗಸರೂ ಒಂದೇ ತೆರನಾಗಿ ಬಿಳಿಚಿದವರು. ಕಬ್ಬಿಣ ಕೊಟ್ಟರೆ ಮೊದಲಿನವಳು ಉಳಿಯುವಳು, ಎರಡನೆಯವಳು ಉಳಿಯಲಾರಳು.

ಆ ವಸ್ತು ಯಾವದು? ವಿಲ್ಸ್ ಇವರ ಹಿರಿಮೆಯಿರುವದು ಈ ಪ್ರಶ್ನೆಗೆ ಅವರು ಉತ್ತರವನ್ನು ಹುಡುಕಿದ ಸ್ಥಳದಲ್ಲಿ. ಅವರು ಡಾ. ಮಾಣೆಕ್ ಮೆಹತಾ, ತಳಪದೆ ಮೊದಲಾದ ಇಲ್ಲಿಯ ಸಹಕಾರಿಗಳೊಡನೆ, ಯಾವ ಯಾವ ವರ್ಗದ ಹೆಂಗಸರು ಏನೇನು ಉಣ್ಣುವರೆಂಬುದನ್ನು ವಿಚಾರಿಸಿ ಬರೆದಿಟ್ಟರು. ಅನುಕೂಲಸ್ಥರಲ್ಲಿ ಈ ಬೇನೆ ಅಪೂರ್ವ. ಬಡವರಲ್ಲಿ, ಅದರಲ್ಲಿಯೂ ಗೋಷಾದಲ್ಲಿದ್ದ ಬಡ ಮುಸಲ್ಮಾನ ಸ್ತ್ರೀಯರಲ್ಲಿ ಹೆಚ್ಚು. ಇದನ್ನು ಕಂಡು ಜಾತಿಯದೋ ಮತದದೋ ದೋಷವೆಂದು ಬರೆದು ಕೈತೊಳೆದುಕೊಳ್ಳುವ ಅಧಿಕಾರಿಗಳು ಆ ಕಾಲದಲ್ಲಿ ಕಡಿಮೆ ಇದ್ದಿಲ್ಲ. ವಿಲ್ಸ್ ಇವರು ಹಾಗೆ ಬರೆಯಲಿಲ್ಲ. ಕಾಯಿಪಲ್ಯ, ಹಣ್ಣು, ಹಾಲುಗಳು ಕಾಣದ ತಾಟೇ ಕಾರಣವೆಂದು ಅವರ ಬುದ್ಧಿಗೆ ತೋರಿತು.

ತೋರಿದ್ದನ್ನು ಸಿದ್ಧಪಡಿಸುವದು ಸುಲಭವಾಗಲಿಲ್ಲ. ಆ ಬಡವರ ಆಹಾರವನ್ನೇ ಬಿಳಿ ಇಲಿಗಳಿಗೆ ಹಾಕಿದರು. ಇಲಿಗಳ ರಕ್ತವೂ ಕೆಟ್ಟಿತು. ಎಲ್ಲವೂ ಸರಿಹೊಂದಿತೆನ್ನುವಷ್ಟರಲ್ಲಿ, ಹೇನುಗಳ ಮೂಲಕ ಹರಡುವ ಬಾರ್ಟೊನೆಲ್ಲಾ ಎಂಬ ಬೇರೊಂದು ಸೋಂಕು ಆ ಇಲಿಗಳಲ್ಲಿ ಇತ್ತೆಂದೂ ರಕ್ತವು ಕೆಟ್ಟದ್ದರಲ್ಲಿ ಅದರ ಕೈವಾಡವಿತ್ತೆಂದೂ ಗೊತ್ತಾಯಿತು. ತಿಂಗಳುಗಟ್ಟಲೆಯ ದುಡಿತವು ಸಂಶಯಕ್ಕೀಡಾಯಿತು. ಅದನ್ನು ಮುಚ್ಚಿಡದೆ ಲೇಖನದಲ್ಲಿ ಪ್ರಕಟಿಸಿದ್ದು ವಿಲ್ಸ್ ಇವರ ಪ್ರಾಮಾಣಿಕತೆಗೆ ಭೂಷಣ. ಬಳಿಕ ಅವರು ಮಂಗಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ಬಡವರ ಊಟದಿಂದ ರಕ್ತಗೆಟ್ಟ ಒಂದು ಮಂಗಕ್ಕೆ ಬೇರೆ ಉಪಾಯಗಳು ಸಾಗದಿರಲು ‘ಮಾರ್ಮೈಟ್’ ಎಂಬ ಕಪ್ಪು ಲೇಹ್ಯವನ್ನು ತಿನ್ನಿಸಿದರು. ಮಂಗವು ಚೇತರಿಸಿಕೊಂಡಿತು. ಮಾರ್ಮೈಟ್ ಎಂದರೆ ಬಿಯರ್ ಇಳಿಸಿದ ಮೇಲೆ ಕಾರಖಾನೆಯಲ್ಲಿ ಉಳಿಯುವ ಹುದುಗಿನಿಂದ ತೆಗೆದ ಸಾರ. 1902ರಿಂದ ಇಂಗ್ಲಂಡದ ಜನ ರೊಟ್ಟಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ. (ಪಾನನಿರೋಧದ ಅಭಿಮಾನಿಗಳು ಗಾಬರಿಯಾಗಬೇಕಿಲ್ಲ; ಅದರಲ್ಲಿ ಮದ್ಯವಿಲ್ಲ.) ಅದನ್ನೇ ಬಸುರಿಯರಿಗೆ ಕೊಟ್ಟಾಗ ಸಾಯಲಿದ್ದವರು ಎದ್ದು ಕುಳಿತರು. 1931ರಲ್ಲಿ ಬ್ರಿಟಿಶ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಈ ಸಂಗತಿ ಪ್ರಕಟವಾಯಿತು.

ಇದರ ಮಹತ್ವವನ್ನು ಅರಿಯಲು ಆ ಕಾಲದ ಸ್ಥಿತಿಯನ್ನು ನೆನೆಯಬೇಕು. 1926ರಲ್ಲಿ ಅಮೆರಿಕೆಯ ಮೈನೊ ಮತ್ತು ಮರ್ಫಿ ಎಂಬವರು ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಘಾತಕ ಪಾಂಡುರೋಗವನ್ನು ಗುಣಪಡಿಸಿದ್ದರು. 1934ರಲ್ಲಿ ಅವರಿಗೆ ವಿಪಲ್ ಇವರೊಡನೆ ನೋಬೆಲ್ ಪಾರಿತೋಷಕವೂ ದೊರೆಯಿತು. ದಿನಾಲು ಅರ್ಧ ಪೌಂಡು ಯಕೃತ್ತನ್ನು ಕೊಂಡು ತಿನ್ನುವ ಶಕ್ತಿ ಗಿರಣಿಯ ಆಳಿಗೆಲ್ಲಿ? ಶಕ್ತಿಯಿದ್ದವರಲ್ಲಿಯೂ ಎಷ್ಟೋ ಮನೆತನಗಳಿಗೆ ಅದು ನಿಷಿದ್ಧ. ಹುದುಗಿನ ಸಾರವು ಬಡವರಿಗೆ ನಿಲುಕುವ ಔಷಧಿಯಾಯಿತು. ಮೇಲಾಗಿ, ಬಹಳ ಶುದ್ಧಮಾಡಿದ ಯಕೃತ್ತಿನ ಸಾರವು ಘಾತಕ ಪಾಂಡುರೋಗವನ್ನು ಗೆದ್ದರೂ ಇಲ್ಲಿಯ ಬಸುರಿಯರ ಬೇನೆಗೆ ನಾಟುವದಿಲ್ಲವೆಂಬುದನ್ನು ವಿಲ್ಸ್ ಇವರೂ ಅವರ ಸಂಗಡಿಗರೂ ತೋರಿಸಿದರು. ಅಂದಮೇಲೆ ಮಜ್ಜೆಗೆ ಬೇಕಾದ ವಸ್ತು ಒಂದಲ್ಲ, ಎರಡು. ಹುದುಗಿನಲ್ಲಿದ್ದದ್ದಕ್ಕೆ ‘ವಿಲ್ಸ್ ಅಂಶ’ವೆಂಬ ಹೆಸರು ಕೆಲಕಾಲ ನಡೆಯಿತು. ಈ ನಡುವೆ ಅವರು ಕೂನೂರಿನಲ್ಲಿಯೂ ಮದ್ರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ದುಡಿದು, 1933ರಲ್ಲಿ ಲಂಡನ್ನಿಗೆ ಮರಳಿ, 1937-38ರಲ್ಲಿ ವಿಮಾನವೇರಿ ಮತ್ತೊಮ್ಮೆ ಮುಂಬಯಿಗೆ ಬಂದುಹೋದರು.

ಹೆಸರು ಉಳಿಯಲಿಲ್ಲ. 1941ರಲ್ಲಿ ಅಮೆರಿಕೆಯ ಟೆಕ್ಸಾಸಿನ ಶಾಸ್ತ್ರಜ್ಞರು ಟನ್ನುಗಟ್ಟಲೆ ಪಾಲಕದ ತಪ್ಪಲಿನಿಂದ ಒಂದು ಜೀವಸತ್ವವನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ವಿಲ್ಸ್ ಇವರು ಹುಡುಕುತ್ತಿದ್ದ ವಸ್ತು ಅದೇ. ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿ ಜಗತ್ತಿಗೆ ಗುಳಿಗೆಯ ರೂಪದಲ್ಲಿ ದೊರಕಿಸಿದ ಕೀರ್ತಿ 1945ರಲ್ಲಿ ಲೆಡರ್ಲೆ ಕಂಪನಿಯ ತಂಡಕ್ಕೆ ಸಂದಿತು. ಆ ತಂಡದ ಹಿರಿಯರು ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು.

ಸುಬ್ಬರಾಯರ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸೊಡಂಬಡದು. ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವಾಗ ಮಹಾತ್ಮರ ಕರೆಗೆ ಓಗೊಟ್ಟು ಅವರು ಶಸ್ತ್ರಕ್ರಿಯೆಯ ಕೋಣೆಗೆ ಖಾದಿಯ ನಿಲುವಂಗಿಯನ್ನು ತೊಟ್ಟು ಹೋದರು. ಅಲ್ಲಿಯ ಬಿಳಿಯ ಅಧ್ಯಾಪಕ ಬ್ರಾಡ್‌ಫೀಲ್ಡ್ ಇವರಿಗೆ ಇದು ಸಹನವಾಗಲಿಲ್ಲ. ಪರಿಣಾಮವಾಗಿ ಎಂ.ಬಿ.ಬಿ.ಎಸ್. ಎಂಬ ಪೂರ್ಣ ಪದವಿಗೆ ಬದಲು ಅವರಿಗೆ ಸಿಕ್ಕಿದ್ದು ಎಲ್.ಎಂ.ಎಸ್. ಎಂಬ ಕಡಿಮೆ ದರ್ಜೆಯ ಪ್ರಮಾಣಪತ್ರ. ಅವರ ಇಬ್ಬರು ಅಣ್ಣತಮ್ಮಂದಿರು ಎಂಟು ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ಬೇನೆಯಿಂದ ತೀರಿಕೊಂಡಿದ್ದರು. ಉಂಡ ಅನ್ನದ ಸತ್ವವು ಮೈಗೆ ಹತ್ತದೆ ರಕ್ತವು ಕೆಡುವ ಬೇನೆಯದು. ಆ ರಕ್ತಕ್ಕೂ ಔಷಧಿಯಾದದ್ದು ಈ ಫೋಲಿಕ್ ಆಮ್ಲವೇ. ಹೆಣ್ಣೆಂದು ಪದವಿಯನ್ನು ಕಳಕೊಂಡವಳೊಬ್ಬಳು, ಖಾದಿ ತೊಟ್ಟನೆಂದು ಪದವಿಯನ್ನು ಕಳಕೊಂಡವನೊಬ್ಬ. ಒಂದೇ ವಸ್ತುವಿನ ಎರಡು ತುದಿಗಳನ್ನು ಹಿಡಿದವರು ಇವರಿಬ್ಬರು. ಸುಬ್ಬರಾಯರ ತಂಡವು ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಪ್ರತಿವಸ್ತುಗಳನ್ನೂ ತಯಾರಿಸಿತು. ಅವುಗಳಲ್ಲೊಂದನ್ನು ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಇವರು ರಕ್ತದ ಅರ್ಬುದದಿಂದ ಸಾಯಲಿದ್ದ 16 ಮಕ್ಕಳಿಗೆ ಕೊಟ್ಟರೆ 10 ಮಕ್ಕಳು ಕೆಲಕಾಲದ ಮಟ್ಟಿಗೆ ಚೇತರಿಸಿಕೊಂಡರು. ಈ ವರದಿ 1948ರ ಜೂನಿನಲ್ಲಿ ಹೊರಬಿತ್ತು. ಅದೇ ಅಗಸ್ಟಿನಲ್ಲಿ ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿಧನ ಹೊಂದಿದರು.

ವಿಲ್ಸ್ ಇವರು ದೀರ್ಘಾಯುಷಿಗಳಾದರು. ಮದುವೆಯಾಗಲಿಲ್ಲ. 1947ರಲ್ಲಿ ನಿವೃತ್ತರಾದ ಮೇಲೆಯೂ ಜಮೈಕಾ, ಫೀಜಿ ಮೊದಲಾದೆಡೆ ಹೋಗಿ ಬಡವರ ಆಹಾರವನ್ನೇ ಪರೀಕ್ಷಿಸಿದರು. ಲಂಡನ್ನಿನ ಚೆಲ್ಸಿಯಲ್ಲಿ ಮಜೂರ ಪಕ್ಷದ ಪರವಾಗಿ ನಗರಸಭೆಯ ಸದಸ್ಯರಾಗಿದ್ದು, 1964ನೆಯ ಏಪ್ರಿಲ್ 16ರಂದು ತೀರಿಕೊಂಡರು. ಬಸುರಿನ ಮೊದಲ ವಾರಗಳಲ್ಲಿ ಫೋಲಿಕ್ ಆಮ್ಲವಿದ್ದರೆ ಕೂಸಿನ ಬೆನ್ನುಹುರಿಯ ಹುಟ್ಟುದೋಷಗಳಲ್ಲಿ ಬಹುಪಾಲು ತಪ್ಪುವವೆಂಬುದು 1991ರಲ್ಲಿ ನಿಶ್ಚಿತವಾಯಿತು. ಅದನ್ನು ಕೇಳಲು ಅವರು ಉಳಿದಿದ್ದಿಲ್ಲ.

ಈಗ ನಮ್ಮ ಮನೆಯ ಮಾತು. ಫೋಲಿಕ್ ಆಮ್ಲದ ಜಾತಿಯ ಸತ್ವವು ಹಸಿರು ತಪ್ಪಲುಗಳಲ್ಲಿಯೂ ಕಾಳು-ಬೇಳೆಗಳಲ್ಲಿಯೂ ಧಾರಾಳವಾಗಿದೆ. ಬಹಳ ಹೊತ್ತು ಕುದಿಸಿದರೆ, ಕುದಿಸಿದ ನೀರನ್ನು ಬಸಿದು ಚೆಲ್ಲಿದರೆ ನಷ್ಟವಾಗುತ್ತದೆ. ಜೋಳದ ರೊಟ್ಟಿಯ ಜೊತೆಗೆ ಹಕ್ಕರಕಿಯನ್ನೂ ಮೆಂತೆಯನ್ನೂ ಹಸಿಯಾಗಿಯೇ ಕಚ್ಚಿಕೊಂಡು ತಿನ್ನುವ ನಮ್ಮ ಸೀಮೆಯ ರೂಢಿಯನ್ನು ಪಟ್ಟಣದವರು ಹಳ್ಳಿಗಾಡಿನದೆಂದು ನಗಬಾರದು. ಶಾಸ್ತ್ರವು ಅದರ ಪಕ್ಷಕ್ಕಿದೆ. ಆದರೆ ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ಖಾರದೊಡನೆ ಬಸುರಿಯ ಊಟ ಮುಗಿಯುವ ಮನೆಗಳು ಇಂದಿಗೂ ಇವೆಯೆಂಬುದನ್ನು ಯಾರು ಅಲ್ಲಗಳೆಯುವರು?

ಎರಡನೆಯ ಮಾತು ಅಧಿಕಾರಿಗಳಿಗೆ. ವಿಲ್ಸ್ ಇವರು ಬೇರ್ಪಡಿಸಿ ತೋರಿಸಿದ ಎರಡು ವಸ್ತುಗಳಲ್ಲಿ ಯಕೃತ್ತಿನದು 1948ರಲ್ಲಿ ಕೈವಶವಾಗಿ ಬಿ-12 ಎಂಬ ಜೀವಸತ್ವವೆನಿಸಿತು. ಅದು ಕಾಯಿಪಲ್ಯಗಳಲ್ಲಿ ಇರುವದಿಲ್ಲ. ಹಾಲು, ಮೊಸರು, ತತ್ತಿ, ಮಾಂಸಗಳಲ್ಲಿ ಮಾತ್ರ ಇರುವದು. ಶಾಕಾಹಾರಿ ಮನೆತನಗಳು ಬಹಳವಾಗಿದ್ದು, ಬಡವರಿಗೆ ಹಾಲು ತುಟ್ಟಿಯಾದ ನಮ್ಮ ಭಾಗದಲ್ಲಿ ಅದರ ಕೊರತೆ ಅಲಕ್ಷಿಸತಕ್ಕದ್ದಲ್ಲ. ಬಿ-12 ಇಲ್ಲದವಳಿಗೆ ಬರಿಯ ಫೋಲಿಕ್ ಆಮ್ಲವನ್ನು ಕೊಡುತ್ತ ಹೋದರೆ ರಕ್ತವು ಸುಧಾರಿಸಿದಂತೆ ತೋರಿ, ಒಳಗಿಂದೊಳಗೆ ನರಗಳು ಕೆಡುವ ಭಯವುಂಟು. ಬೆರಳು ಚುಚ್ಚಿ ಹಿಮೋಗ್ಲೋಬಿನ್ನಿನ ಅಂಕೆಯನ್ನು ತೆಗೆದರೆ ರಕ್ತವು ಕಡಿಮೆಯಾಗಿದೆಯೆಂದು ತಿಳಿಯುವದೇ ಹೊರತು ಏತರಿಂದ ಕಡಿಮೆಯಾಯಿತೆಂಬುದು ತಿಳಿಯದು. ಕೆಂಪು ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೂ ಅಂಕೆ ಏರದ ಬಸುರಿಗೆ, ಗುಳಿಗೆಯನ್ನು ನುಂಗಿರಲಿಕ್ಕಿಲ್ಲವೆಂದು ಗದರಿಸಿ ಕಳಿಸುವದು ಅನ್ಯಾಯ. ಅಂಥವಳ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣಗಳು ಸಣ್ಣವೋ ಹಿಗ್ಗಿದವೋ ಎಂದು ನೋಡಿ, ಬಿ-12ರ ಪರೀಕ್ಷೆಯನ್ನೂ ಮಾಡಿಸುವ ಏರ್ಪಾಡು ತಾಲೂಕಿನ ಆಸ್ಪತ್ರೆಯ ವರೆಗೆ ಬರಬೇಕು. ಹುಬ್ಬಳ್ಳಿಯಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವು 1957ರಿಂದ ಇದೆ. ಕಲಘಟಗಿಯಿಂದಲೋ ನವಲಗುಂದದಿಂದಲೋ ಬಸ್ಸು ಹಿಡಿದು ಅಲ್ಲಿಯ ವರೆಗೆ ಬರುವ ಬಸುರಿ, ಆ ದಿನದ ಕೂಲಿಯನ್ನು ಬಿಟ್ಟು ಬರುವಳು.