ಉಚಿತವೆಲ್ಲ ಮುಕ್ತವಲ್ಲ: ಶಿಕ್ಷಕರಿಗೆ ನೆರವಾಗುವ ತಂತ್ರಾಂಶಗಳು

ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವೂ ಇಂದು ಕಂಪ್ಯೂಟರಿನಲ್ಲೇ ಸಿದ್ಧವಾಗುತ್ತಿವೆ. ತಂತ್ರಾಂಶ ಉಚಿತವಾಗಿ ಸಿಕ್ಕರೆ ಸಾಕು ಎಂದು ಅನೇಕ ಶಿಕ್ಷಕರು ಭಾವಿಸುತ್ತಾರೆ. ಆದರೆ ಉಚಿತ ಬೇರೆ, ಮುಕ್ತ ಬೇರೆ.

2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಎಡ್ಮೊಡೊ ಎಂಬ ಆನ್‌ಲೈನ್ ತರಗತಿ ತಾಣವನ್ನು ಅನೇಕ ದೇಶಗಳ ಶಿಕ್ಷಕರು ಹಣ ಕೊಡದೆ ಬಳಸುತ್ತಿದ್ದರು. 2022ರ ಸೆಪ್ಟೆಂಬರ್ 22ರಂದು ಅದು ಮುಚ್ಚಿತು. ಅಲ್ಲಿ ಕೂಡಿಟ್ಟ ಪಾಠಗಳ ಪ್ರತಿಯನ್ನು ಮೊದಲೇ ಇಳಿಸಿಕೊಳ್ಳದವರ ಶ್ರಮ ವ್ಯರ್ಥವಾಯಿತು. ತಾಣ ಉಚಿತವಾಗಿತ್ತು, ಆದರೆ ಅದರ ಬೀಗದ ಕೈ ಕಂಪನಿಯ ಬಳಿಯೇ ಇತ್ತು.

ಮುಕ್ತ ತಂತ್ರಾಂಶ ಹಾಗಲ್ಲ. ಅದನ್ನು ಯಾರೂ ಬಳಸಬಹುದು, ಒಳಗಿನ ರಚನೆಯನ್ನು ಅಭ್ಯಸಿಸಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಕಳ್ಳ ಪ್ರತಿಯ ಅಂಜಿಕೆಯಿಲ್ಲ.

ಮೂಡಲ್: ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಆರಂಭಿಸಿದ ಇದರ ಮೊದಲ ಆವೃತ್ತಿ ಹೊರಬಂದದ್ದು 2002ರಲ್ಲಿ. ಪಾಠ, ರಸಪ್ರಶ್ನೆ, ಮನೆಗೆಲಸ, ಅಂಕ ಎಲ್ಲವನ್ನೂ ಒಂದೇ ಕಡೆ ನಡೆಸಬಹುದು. ಶಾಲೆ ಇದನ್ನು ತನ್ನದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಬೇಕೆಂದಾಗ ಪಾಠಗಳನ್ನು ಇನ್ನೊಂದು ಸರ್ವರಿಗೆ ಸಾಗಿಸಬಹುದು. ಆದರೆ ಸರ್ವರ್ ನೋಡಿಕೊಳ್ಳಲು ಬಲ್ಲವರೊಬ್ಬರು ಬೇಕು. ಆ ಖರ್ಚನ್ನು ಆಡಳಿತ ಮಂಡಳಿ ಮೊದಲೇ ಲೆಕ್ಕ ಹಾಕಬೇಕು.

ಕೊಲಿಬ್ರಿ: ಇಂಟರ್‌ನೆಟ್ ಸರಿಯಾಗಿ ಸಿಗದ ಶಾಲೆಗಳಿಗಾಗಿಯೇ ರೂಪಿಸಿದ್ದು. ಒಂದು ಕಂಪ್ಯೂಟರಿನಲ್ಲಿ ಪಾಠಗಳನ್ನು ತುಂಬಿಸಿಟ್ಟರೆ, ಶಾಲೆಯೊಳಗಿನ ವೈಫೈ ಮೂಲಕ ಮಕ್ಕಳು ಉಳಿದ ಕಂಪ್ಯೂಟರುಗಳಲ್ಲಿ ಅವನ್ನು ನೋಡಬಹುದು.

ಲಿಬ್ರೆ ಆಫೀಸ್: ಪತ್ರ, ಅಂಕಪಟ್ಟಿ, ಸ್ಲೈಡುಗಳಿಗೆ ಒದಗುತ್ತದೆ. ಇದರ ಕಡತಗಳ ಮಾದರಿ 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಆದ್ದರಿಂದ ಇವನ್ನು ತೆರೆಯಲು ಒಂದೇ ಕಂಪನಿಯನ್ನು ನಂಬಿಕೊಳ್ಳಬೇಕಾಗಿಲ್ಲ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಕಲಿಯುವುದು ಕಷ್ಟವೇನಲ್ಲ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕಿರು ವೀಡಿಯೊಗಳಲ್ಲಿ ಅನೇಕವು ಕನ್ನಡದಲ್ಲಿಯೂ ಲಭ್ಯ. ಅವನ್ನು ನೋಡುತ್ತ ಪಕ್ಕದಲ್ಲೇ ಅಭ್ಯಾಸ ಮಾಡಬಹುದು.

ಹೊಸ ತಂತ್ರಾಂಶ ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಿರಿ:
1. ನಮ್ಮ ಪಾಠಗಳನ್ನು ಬೇಕೆಂದಾಗ ಪೂರ್ತಿಯಾಗಿ ಇಳಿಸಿಕೊಳ್ಳಬಹುದೇ?
2. ಆ ಕಡತಗಳು ಬೇರೆ ತಂತ್ರಾಂಶದಲ್ಲಿಯೂ ತೆರೆಯುತ್ತವೆಯೇ?
3. ಮಕ್ಕಳ ಹೆಸರು, ಅಂಕಗಳು ಯಾರ ವಶದಲ್ಲಿರುತ್ತವೆ?

ಉತ್ತರ ಏನೇ ಇರಲಿ, ಪ್ರತಿ ಅವಧಿಯ ಕೊನೆಗೆ ಪಾಠಗಳ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ತೆಗೆದಿಡಿ. ಶಿಕ್ಷಕರು ವರ್ಗವಾಗಿ ಹೋದರೂ ಅವರ ಶ್ರಮದ ಫಲ ಶಾಲೆಯಲ್ಲಿ ಉಳಿಯುತ್ತದೆ.